ಸರ್ಕಾರಿ ಕುರ್ಚಿಯಲ್ಲಿ ಕೂತು ಪಾರ್ಟಿ ಫಂಡ್ ಕೇಳಬಹುದಾ?

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಮನೆಯಲ್ಲಿ ಪಾತ್ರೆ ತೊಳೀತಾ ಇದ್ದೀರೋ, ಇಯರ್‌ಫೋನ್ ಹಾಕ್ಕೊಳ್ಳಿ. ಈ ವಾರದ ವಿಷಯ ಹುಟ್ಟಿದ್ದು ಒಬ್ಬ ಕೇಳುಗರ ವಾಯ್ಸ್ ಮೆಸೇಜ್‌ನಿಂದ. ಅವರು ಕೇಳಿದ್ದು ಇಷ್ಟೇ: "ಒಬ್ಬ ಮಂತ್ರಿ ತನ್ನ ಸರ್ಕಾರಿ ಕಚೇರಿಯಲ್ಲೇ ಕೂತು, ಬಂದವರ ಹತ್ತಿರ ಪಕ್ಷಕ್ಕೆ ದೇಣಿಗೆ ಕೇಳಿದ್ರೆ ಅದು ಅಪರಾಧನಾ? ಲಂಚ ಅಲ್ಲ, ಬರೀ ದೇಣಿಗೆ."

ಪ್ರಶ್ನೆಯ ಕೊನೆಯ ನಾಲ್ಕು ಪದ ಗಮನಿಸಿ. ಲಂಚ ಅಲ್ಲ, ಬರೀ ದೇಣಿಗೆ. ಇಡೀ ಸಮಸ್ಯೆ ಅಲ್ಲೇ ಕೂತಿದೆ. ಲಂಚಕ್ಕೆ ಕಾನೂನಿದೆ, ಲೋಕಾಯುಕ್ತ ಇದೆ, ಬಣ್ಣ ಹಚ್ಚಿದ ನೋಟಿದೆ. ದೇಣಿಗೆ ಹಾಗಲ್ಲ. ಪಕ್ಷ ನಡೆಸೋಕೆ ದುಡ್ಡು ಬೇಕು, ಜನ ಕೊಡ್ತಾರೆ, ಕೇಳೋದೂ ತಪ್ಪಲ್ಲ. ಹಾಗಾದ್ರೆ ಕೇಳುವವನು ಎಲ್ಲಿ ಕೂತಿದ್ದಾನೆ ಅನ್ನೋದು ಯಾಕೆ ಮುಖ್ಯ ಆಗಬೇಕು?

ಇದಕ್ಕೆ ಅತಿ ಹಳೆಯ, ಅತಿ ಉದ್ದದ ಉತ್ತರ ಸಿಗೋದು ಅಮೆರಿಕದಲ್ಲಿ. ಅವರು 1883ರಿಂದ ಈ ಒಂದು ವಿಷಯದ ಜೊತೆ ಗುದ್ದಾಡ್ತಾ ಇದ್ದಾರೆ. ಅದನ್ನ ಮೊದಲು ನೋಡೋಣ, ಆಮೇಲೆ ನಮ್ಮ ಐಬಿ ಕಡೆ ಬರೋಣ. ಐಬಿ ಅಂದ್ರೆ ಗುಪ್ತಚರ ಇಲಾಖೆ ಅಲ್ಲ ಮತ್ತೆ, ನಮ್ಮ ತಾಲ್ಲೂಕು ಊರಿನ ಪ್ರವಾಸಿ ಮಂದಿರ!

ಅದಕ್ಕೂ ಮುಂಚೆ ಒಂದು ಚಿಕ್ಕ ವಿಷಯ. ಆಫೀಸಲ್ಲಿ ಗಣೇಶನ ಚಂದಾ ಎತ್ತೋದನ್ನ ನೀವೆಲ್ಲ ನೋಡಿರ್ತೀರಿ. ಪಟ್ಟಿ ಬರುತ್ತೆ. ಮೊದಲ ಹೆಸರು ಮ್ಯಾನೇಜರ್‌ದು, ಮುಂದೆ 5000. ಪಟ್ಟಿ ಹಿಡ್ಕೊಂಡು ಬಂದಿರೋದೂ ಮ್ಯಾನೇಜರೇ. ಅವರು ನಗ್ತಾನೇ ಇರ್ತಾರೆ, "ನಿಮಗೆ ಎಷ್ಟಾಗುತ್ತೋ ಅಷ್ಟು" ಅಂತಾರೆ. ಮುಂದಿನ ತಿಂಗಳು ಅಪ್ರೈಸಲ್. ಈಗ ನೀವು 50 ರೂಪಾಯಿ ಬರೀತೀರಾ? ಅದೇ ಪಟ್ಟಿ ನಿಮ್ಮ ಬೀದಿಯ ಹುಡುಗರು ಮನೆ ಬಾಗಿಲಿಗೆ ತಂದ್ರೆ ಆರಾಮಾಗಿ ಚೌಕಾಸಿ ಮಾಡ್ತೀರಿ. ದೇವರು ಅದೇ, ಪಟ್ಟಿ ಅದೇ, ಕೇಳುವ ಮಾತೂ ಅದೇ. ಬದಲಾಗಿದ್ದು ಕೇಳ್ತಾ ಇರೋರು ಯಾರು, ನೀವು ಎಲ್ಲಿ ಕೂತಿದ್ದೀರಿ ಅನ್ನೋದು ಮಾತ್ರ.

ಈಗ 19ನೇ ಶತಮಾನದ ಅಮೆರಿಕಕ್ಕೆ ಹೋಗೋಣ. ಅಲ್ಲಿ ಆಗ ಸರ್ಕಾರಿ ಕೆಲಸ ಸಿಗ್ತಾ ಇದ್ದದ್ದು ಪರೀಕ್ಷೆಯಿಂದ ಅಲ್ಲ. ಚುನಾವಣೆ ಗೆದ್ದ ಪಕ್ಷ ತನ್ನ ಕಾರ್ಯಕರ್ತರಿಗೆ ಕೆಲಸ ಹಂಚ್ತಾ ಇತ್ತು. ಅಂಚೆ ಕಚೇರಿಯ ಗುಮಾಸ್ತನಿಂದ ಹಿಡಿದು ಬಂದರಿನ ಸುಂಕದ ಅಧಿಕಾರಿವರೆಗೆ. ಸರ್ಕಾರ ಬದಲಾದ್ರೆ ಇವರೂ ಮನೆಗೆ. ಕೆಲಸ ಪಕ್ಷ ಕೊಟ್ಟ ಮೇಲೆ ಪಕ್ಷ ಸುಮ್ಮನೆ ಇರುತ್ತಾ? ಪ್ರತಿ ನೌಕರನಿಂದ ಸಂಬಳದ ಒಂದು ಭಾಗ ವಸೂಲಿ ಮಾಡ್ತಾ ಇತ್ತು. ಇದಕ್ಕೆ ಅವರು ಇಟ್ಟಿದ್ದ ಹೆಸರು 'ಅಸೆಸ್‌ಮೆಂಟ್'. ನಾವು ಮನೆ ಕಂದಾಯಕ್ಕೆ ಬಳಸ್ತೀವಲ್ಲ, ಅದೇ ಪದ! ದೇಣಿಗೆಗೆ ತೆರಿಗೆಯ ಹೆಸರು. ಕನಿಷ್ಠ ಪ್ರಾಮಾಣಿಕವಾಗಿ ಹೆಸರಿಟ್ಟಿದ್ರು ಅನ್ನಬೇಕು.

ಇದರ ದೊಡ್ಡ ಕೇಂದ್ರ ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿ, ಅಂದ್ರೆ ಕಸ್ಟಮ್ ಹೌಸ್. ಆಗ ಅಮೆರಿಕ ಸರ್ಕಾರದ ಆದಾಯದ ಬಹುಪಾಲು ಬರ್ತಾ ಇದ್ದದ್ದೇ ಆಮದು ಸುಂಕದಿಂದ, ಅದರಲ್ಲೂ ನ್ಯೂಯಾರ್ಕ್ ಬಂದರಿನಿಂದ. ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ್ರೆ ಪ್ರಯೋಜನ ಇಲ್ಲ ಅಂತ ನಮ್ಮಲ್ಲಿ ಗಾದೆ. ಅಲ್ಲಿ ಸುಂಕದವನೇ ಸುಂಕ ಕಟ್ತಾ ಇದ್ದ, ತನ್ನ ಪಕ್ಷಕ್ಕೆ.

1876ರಲ್ಲಿ ಇದಕ್ಕೆ ಮೊದಲ ಗಟ್ಟಿ ಕಾನೂನು ಬಂತು. ಒಬ್ಬ ಸರ್ಕಾರಿ ನೌಕರ ಇನ್ನೊಬ್ಬ ಸರ್ಕಾರಿ ನೌಕರನಿಂದ ರಾಜಕೀಯ ಉದ್ದೇಶಕ್ಕೆ ಹಣ ಕೇಳುವಂತಿಲ್ಲ, ಕೊಡುವಂತಿಲ್ಲ, ಪಡೆಯುವಂತಿಲ್ಲ. ಈ ಕಾನೂನಿನಲ್ಲಿ ಸಿಕ್ಕಿಬಿದ್ದವರು ನ್ಯೂಟನ್ ಕರ್ಟಿಸ್. ಖಜಾನೆ ಇಲಾಖೆಯ ನೌಕರ, ಜೊತೆಗೆ ಪಕ್ಷಕ್ಕೆ ಹಣ ಸಂಗ್ರಹಿಸುವ ಹೊಣೆ. ಶಿಕ್ಷೆ ಆಯ್ತು. ಅವರು ಸುಪ್ರೀಂ ಕೋರ್ಟಿಗೆ ಹೋಗಿ ಇದು ಸಂವಿಧಾನಕ್ಕೆ ವಿರುದ್ಧ ಅಂದ್ರು. 1882ರಲ್ಲಿ ಕೋರ್ಟು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ಬರೆದ ತೀರ್ಪಿನ ಸಾರಾಂಶ ನಮ್ಮ ಮಾತಲ್ಲಿ ಹೇಳಬೇಕು ಅಂದ್ರೆ: ಅಧಿಕಾರದಲ್ಲಿರುವವನು ಕೇಳಿದಾಗ ಅದು ಶುರುವಾಗೋದು ವಿನಂತಿಯಾಗಿ, ಮುಗಿಯೋದು ಒತ್ತಾಯವಾಗಿ. ಇಲ್ಲ ಅಂದ್ರೆ ಕೆಲಸ ಹೋಗಬಹುದು ಅನ್ನೋ ಭಯ ಇರುವವನು ಕೊಟ್ಟ ಹಣವನ್ನ ಸ್ವಇಚ್ಛೆ ಅನ್ನೋಕಾಗಲ್ಲ. ಒಬ್ಬ ನ್ಯಾಯಮೂರ್ತಿ, ಬ್ರಾಡ್ಲಿ, ಇದಕ್ಕೆ ಒಪ್ಪದೆ ಬೇರೆ ಬರೆದ್ರು. ತನ್ನ ಹಣವನ್ನ ತನಗೆ ನಂಬಿಕೆ ಇರುವ ಪಕ್ಷಕ್ಕೆ ಕೊಡೋ ಹಕ್ಕು ನೌಕರನಿಗೂ ಇದೆಯಲ್ಲ ಅಂತ. ಅದೂ ತೆಗೆದುಹಾಕುವ ಮಾತಲ್ಲ.

ಅದೇ 1882ರಲ್ಲಿ ರಿಪಬ್ಲಿಕನ್ ಪಕ್ಷದ ಚುನಾವಣಾ ಸಮಿತಿಯ ಅಧ್ಯಕ್ಷ ಜೇ ಹಬಲ್ ಸರ್ಕಾರಿ ನೌಕರರಿಗೆ ಒಂದು ಸುತ್ತೋಲೆ ಕಳಿಸಿದ್ರು. ವರ್ಷದ ಸಂಬಳದ ಶೇಕಡಾ 2ರಷ್ಟು ಕೊಡಿ, ಇದು ಸ್ವಇಚ್ಛೆಯ ದೇಣಿಗೆ, ಕೊಟ್ರೆ ಮೇಲಿನವರು ಯಾರೂ ಆಕ್ಷೇಪ ಮಾಡಲ್ಲ. ಎಷ್ಟು ವಿನಯ ನೋಡಿ! ಕೊಡದೆ ಇದ್ರೆ ಯಾರಾದ್ರೂ ಆಕ್ಷೇಪ ಮಾಡ್ತಾರಾ ಅನ್ನೋದನ್ನ ಮಾತ್ರ ಹೇಳಲಿಲ್ಲ.

ಇಷ್ಟರಲ್ಲಿ ಒಂದು ಕೊಲೆ ಆಗಿಹೋಗಿತ್ತು. 1881ರ ಜುಲೈ 2ರಂದು ವಾಷಿಂಗ್ಟನ್‌ನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಚಾರ್ಲ್ಸ್ ಗಿಟೋ ಅನ್ನೋನು ಗುಂಡು ಹಾರಿಸಿದ. ಪಕ್ಷಕ್ಕೆ ತಾನು ಕೆಲಸ ಮಾಡಿದ್ದೇನೆ, ಅದಕ್ಕೆ ಬದಲಾಗಿ ತನಗೊಂದು ಹುದ್ದೆ ಬರಬೇಕು ಅಂತ ತಿಂಗಳುಗಟ್ಟಲೆ ಕಚೇರಿ ಸುತ್ತಿದವನು ಅವನು. ಸೆಪ್ಟೆಂಬರ್ 19ಕ್ಕೆ ಗಾರ್ಫೀಲ್ಡ್ ತೀರಿಕೊಂಡ್ರು. ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಅಧ್ಯಕ್ಷರಾದ್ರು. ಈ ಆರ್ಥರ್ ಯಾರು ಗೊತ್ತಾ? 1871ರಿಂದ 1878ರವರೆಗೆ ಆ ನ್ಯೂಯಾರ್ಕ್ ಕಸ್ಟಮ್ ಹೌಸ್‌ನ ಮುಖ್ಯಸ್ಥ. ವಸೂಲಿ ವ್ಯವಸ್ಥೆಯ ಹೊಟ್ಟೆಯೊಳಗೇ ಬೆಳೆದ ಮನುಷ್ಯ. 1883ರ ಜನವರಿ 16ಕ್ಕೆ ಅದೇ ಆರ್ಥರ್ ಪೆಂಡಲ್‌ಟನ್ ಕಾಯ್ದೆಗೆ ಸಹಿ ಹಾಕಿದ್ರು.

ಈ ಕಾಯ್ದೆ ನೆನಪಿರೋದು ಸರ್ಕಾರಿ ಕೆಲಸಕ್ಕೆ ಪರೀಕ್ಷೆ ತಂದದ್ದಕ್ಕೆ. ನನಗೆ ಮಾತ್ರ ಅದರ ಹನ್ನೆರಡನೇ ಕಲಮು ಇಷ್ಟ. ಅದು ಹೇಳೋದು: ಅಮೆರಿಕ ಸರ್ಕಾರದ ಅಧಿಕಾರಿ ಅಥವಾ ನೌಕರರು ತಮ್ಮ ಸರ್ಕಾರಿ ಕೆಲಸ ಮಾಡುವ ಯಾವುದೇ ಕೋಣೆಯಲ್ಲಿ, ಯಾವುದೇ ಕಟ್ಟಡದಲ್ಲಿ, ಯಾರೂ ರಾಜಕೀಯ ಉದ್ದೇಶಕ್ಕೆ ಹಣ ಕೇಳುವಂತಿಲ್ಲ, ಪಡೆಯುವಂತಿಲ್ಲ. ಯಾರೂ ಅಂದ್ರೆ ಯಾರೂ. ಪಕ್ಷದವನು ಹೊರಗಿನಿಂದ ಬಂದ್ರೂ ಅಷ್ಟೇ. ತಪ್ಪಿದ್ರೆ 5000 ಡಾಲರ್ ತನಕ ದಂಡ, ಮೂರು ವರ್ಷದ ತನಕ ಜೈಲು, ಅಥವಾ ಎರಡೂ.

ಮೊದಲ ಸಲ ಓದಿದಾಗ ನನಗೆ ನಗು ಬಂತು. ಕೋಣೆ? ಅಂದ್ರೆ ಬಾಗಿಲು ದಾಟಿ ಕಾರಿಡಾರಿಗೆ ಬಂದು, ಅಲ್ಲಿಂದ ರಸ್ತೆಗಿಳಿದು ಕೇಳಿದ್ರೆ ಪುಣ್ಯ ಬರುತ್ತಾ? ಆದ್ರೆ ಒಂದು ನಿಮಿಷ ಯೋಚನೆ ಮಾಡಿ. ಬಿಕಾಂ ಓದಿದವರಿಗೆ ಇದು ಬೇಗ ಹೊಳೆಯುತ್ತೆ. ಆಡಿಟಿಂಗ್ ಪೇಪರಿನಲ್ಲಿ ಇಂಟರ್ನಲ್ ಚೆಕ್ ಅಂತ ಒಂದು ಪಾಠ ಇತ್ತು. ನಗದು ಎಣಿಸುವವನೇ ಕ್ಯಾಶ್ ಬುಕ್ ಬರೀಬಾರದು. ಕ್ಯಾಶಿಯರ್ ಕಳ್ಳ ಅಂತ ಇದರ ಅರ್ಥ ಅಲ್ಲ. ಪ್ರತಿ ದಿನ ಅವನ ಮನಸ್ಸಿನೊಳಗೆ ಇಣುಕಿ ನೋಡೋಕಾಗಲ್ಲ, ಆದ್ರೆ ಯಾರು ಯಾವ ಟೇಬಲ್‌ನಲ್ಲಿ ಕೂತಿದ್ದಾರೆ ಅಂತ ನೋಡಬಹುದು. ಅಮೆರಿಕದವರು ಮಾಡಿದ್ದು ಅದೇ. ಬೆದರಿಕೆ ಇತ್ತಾ, ಭಯ ಇತ್ತಾ, ಮನಸ್ಸಿನಲ್ಲಿ ಏನಿತ್ತು, ಇದನ್ನೆಲ್ಲ ಸಾಬೀತು ಮಾಡೋಕೆ ಹೋದ್ರೆ ಜನ್ಮ ಸವೆಯುತ್ತೆ. ಕೋಣೆ ಯಾವುದು ಅಂತ ಸಾಬೀತು ಮಾಡೋದು ಸುಲಭ.

ಸರಿ, ಕೋಣೆಗೆ ಕಾಲಿಡದೆ ಕಾಗದ ಕಳಿಸಿದ್ರೆ? ಥೇಯರ್ ಅನ್ನೋನು ಟೆಕ್ಸಸ್‌ನಲ್ಲಿ ಅದನ್ನೇ ಮಾಡಿದ. ಡಲ್ಲಾಸ್ ಅಂಚೆ ಕಚೇರಿಯ ನೌಕರರಿಗೆ ಪತ್ರ ಹಾಕಿ ದೇಣಿಗೆ ಕೇಳಿದ. ನಾನು ಆ ಕಟ್ಟಡದ ಒಳಗೇ ಹೋಗಿಲ್ಲವಲ್ಲ ಅನ್ನೋದು ಅವನ ವಾದ. 1908ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದ ತೀರ್ಪು ಹೇಳಿದ್ದು: ಕೇಳಿದ್ದು ಪೂರ್ತಿಯಾಗೋದು ಪತ್ರ ತಲುಪಿದ ಜಾಗದಲ್ಲಿ. ನೌಕರ ಅದನ್ನ ಪಡೆದು ಓದಿದ್ದು ಸರ್ಕಾರಿ ಕಟ್ಟಡದಲ್ಲಿ, ಹಾಗಾಗಿ ಅಪರಾಧ ಆದದ್ದೂ ಅಲ್ಲೇ. ಇದನ್ನ ನೆನಪಲ್ಲಿಟ್ಕೊಳ್ಳಿ. ಕಾನೂನು ಕಾಪಾಡ್ತಾ ಇದ್ದದ್ದು ಕೇಳಿಸಿಕೊಳ್ಳುವವನನ್ನ, ಟೇಬಲ್ ಹಿಂದೆ ಕೂತು ಎದ್ದು ಹೋಗೋಕಾಗದ ಗುಮಾಸ್ತನನ್ನ.

1939ರಲ್ಲಿ ಹ್ಯಾಚ್ ಕಾಯ್ದೆ ಬಂತು, ನ್ಯೂ ಮೆಕ್ಸಿಕೋದ ಸೆನೆಟರ್ ಕಾರ್ಲ್ ಹ್ಯಾಚ್ ಹೆಸರಲ್ಲಿ. ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ಕೂಲಿ ಮಾಡ್ತಾ ಇದ್ದವರ ಮೇಲೆ 1938ರ ಚುನಾವಣೆಯಲ್ಲಿ ಒತ್ತಡ ಹಾಕಿದ್ರು ಅನ್ನೋ ದೂರುಗಳಿಂದ ಹುಟ್ಟಿದ ಕಾನೂನು. ಅದರದ್ದೇ ದೊಡ್ಡ ಕಥೆ, ಇನ್ನೊಂದು ದಿನ ಮಾಡೋಣ. ಅದರಲ್ಲಿ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ ವಿನಾಯಿತಿ ಇದೆ ಅನ್ನೋದಷ್ಟು ಸಾಕು. ಯಾಕಂದ್ರೆ ಮುಂದಿನ ಗಲಾಟೆ ಮೇಲಿನ ಮಹಡಿಯಲ್ಲಿ.

1996ರ ಚುನಾವಣೆ. ಬಿಲ್ ಕ್ಲಿಂಟನ್ ಎರಡನೇ ಸಲ ನಿಂತಿದ್ರು. ಶ್ವೇತಭವನದಲ್ಲಿ ದೇಣಿಗೆ ಕೊಡುವವರಿಗೆ ನೂರಕ್ಕೂ ಹೆಚ್ಚು ಕಾಫಿ ಕೂಟಗಳು ನಡೆದವು. ಕೆಲವರಿಗೆ ಲಿಂಕನ್ ಹೆಸರಿನ ಮಲಗುವ ಕೋಣೆಯಲ್ಲಿ ರಾತ್ರಿ ತಂಗುವ ಭಾಗ್ಯ. ಉಪಾಧ್ಯಕ್ಷ ಆಲ್ ಗೋರ್ ಶ್ವೇತಭವನದ ತಮ್ಮ ಕಚೇರಿಯಿಂದಲೇ ಫೋನ್ ಮಾಡಿ ದೇಣಿಗೆ ಕೇಳಿದ್ರು. 1997ರ ಮಾರ್ಚ್ 3ರಂದು ಪತ್ರಕರ್ತರ ಮುಂದೆ ಬಂದು, ಇದು ತಪ್ಪು ಅಂತ ಹೇಳುವ ಯಾವ ಕಾನೂನಿನ ಆಧಾರವೂ ಇಲ್ಲ ಅನ್ನೋ ಅರ್ಥದ ಒಂದೇ ಮಾತನ್ನ ಮತ್ತೆ ಮತ್ತೆ ಹೇಳಿದ್ರು. ನಾನು ತಪ್ಪು ಮಾಡಿಲ್ಲ, ಆದ್ರೆ ಇನ್ನು ಮುಂದೆ ಹೀಗೆ ಫೋನ್ ಮಾಡಲ್ಲ ಅಂತಾನೂ ಸೇರಿಸಿದ್ರು. ತಪ್ಪಲ್ಲದ್ದನ್ನ ಯಾಕೆ ನಿಲ್ಲಿಸಬೇಕು ಅಂತ ಜನ ಕೇಳಿದ್ದು ಸಹಜ.

ಗೋರ್ ಪರ ವಾದ ಮಾಡಿದವರು ಹೇಳಿದ್ದರಲ್ಲಿ ಒಂದು ಅಂಶ ಗಟ್ಟಿ ಇತ್ತು. 1883ರ ಕಾನೂನು ಬಂದದ್ದು ಗುಮಾಸ್ತನನ್ನ ಬಾಸ್‌ನಿಂದ ಉಳಿಸೋಕೆ. ಗೋರ್ ಕರೆ ಮಾಡಿದ್ದು ಶ್ರೀಮಂತರಿಗೆ, ಅವರು ಕೂತಿದ್ದದ್ದು ತಮ್ಮ ತಮ್ಮ ಆಫೀಸಲ್ಲಿ. ಡಲ್ಲಾಸ್ ಪತ್ರದ ಲೆಕ್ಕ ಹಿಡಿದ್ರೆ, ಕೇಳಿದ್ದು ತಲುಪಿದ ಜಾಗ ಸರ್ಕಾರಿ ಕಟ್ಟಡವೇ ಅಲ್ಲ! ಇನ್ನೊಂದು ತಾಂತ್ರಿಕ ವಾದ: ಕೇಳಿದ್ದು 'ಸಾಫ್ಟ್ ಮನಿ', ಅಂದ್ರೆ ಅಭ್ಯರ್ಥಿಗೆ ನೇರವಾಗಿ ಅಲ್ಲದೆ ಪಕ್ಷದ ಸಾಮಾನ್ಯ ಖರ್ಚಿಗೆ ಹೋಗುವ ಹಣ, ಅದು ಕಾನೂನಿನ ವ್ಯಾಖ್ಯೆಯೊಳಗೆ ಬರಲ್ಲ. ಅಟಾರ್ನಿ ಜನರಲ್ ಜಾನೆಟ್ ರೆನೊ 1997ರ ಡಿಸೆಂಬರ್‌ನಲ್ಲಿ ಇದಕ್ಕೆ ಸ್ವತಂತ್ರ ತನಿಖಾಧಿಕಾರಿ ಬೇಕಿಲ್ಲ ಅಂತ ತೀರ್ಮಾನ ಮಾಡಿದ್ರು. ಇದರ ಜೊತೆ ಇನ್ನೊಂದು ಸ್ವಾರಸ್ಯ ಇದೆ. ಶ್ವೇತಭವನದಲ್ಲಿ ಅಧ್ಯಕ್ಷರು ವಾಸ ಮಾಡುವ ಭಾಗ 'ಸರ್ಕಾರಿ ಕೆಲಸ ಮಾಡುವ ಕೋಣೆ' ಅಲ್ಲ ಅಂತ ನ್ಯಾಯ ಇಲಾಖೆಯ ವಕೀಲರು 1979ರಲ್ಲೇ ಅಭಿಪ್ರಾಯ ಕೊಟ್ಟಿದ್ರು. ಒಂದೇ ಮನೆ, ನಡುಮನೆಯಲ್ಲಿ ಕೇಳಿದ್ರೆ ಅಪರಾಧ, ಊಟದ ಮನೆಯಲ್ಲಿ ಕೇಳಿದ್ರೆ ಅತಿಥಿ ಸತ್ಕಾರ.

ಇದು ಒಂದೇ ಪಕ್ಷದ ಕಾಯಿಲೆ ಅಂದುಕೊಳ್ಳಬೇಡಿ. 1995ರಲ್ಲಿ ರಿಪಬ್ಲಿಕನ್ ನಾಯಕ ಜಾನ್ ಬೇನರ್ ಸಂಸತ್ತಿನ ಸಭಾಂಗಣದ ಒಳಗೇ ತಂಬಾಕು ಉದ್ಯಮದ ದೇಣಿಗೆ ಚೆಕ್‌ಗಳನ್ನ ಸಹಸದಸ್ಯರಿಗೆ ಹಂಚಿದ್ರು. ಸದನದ ಒಳಗೆ! ಆಮೇಲೆ ಹಾಗೆ ಹಂಚೋದನ್ನ ಸದನ ತನ್ನ ನಿಯಮದಲ್ಲೇ ನಿಷೇಧ ಮಾಡ್ತು. ಬೇನರ್ ಮುಂದೆ ಅದೇ ಸದನದ ಸ್ಪೀಕರ್ ಕೂಡ ಆದ್ರು.

2002ರಲ್ಲಿ ಚುನಾವಣಾ ಹಣದ ಸುಧಾರಣಾ ಕಾಯ್ದೆ ಬಂದಾಗ ಈ ಕಲಮನ್ನ ಹೊಸದಾಗಿ ಬರೆದ್ರು. ಈಗ ಅದರಲ್ಲಿ ಎರಡು ವಾಕ್ಯ ಇವೆ. ಮೊದಲನೆಯದು ಹಳೆಯ ಗುಮಾಸ್ತನಿಗೆ: ಸರ್ಕಾರಿ ಕಚೇರಿಯಲ್ಲಿ ಇರುವವನಿಂದ ಯಾರೂ ಚುನಾವಣಾ ದೇಣಿಗೆ ಕೇಳುವಂತಿಲ್ಲ. ಎರಡನೆಯದು ದೊಡ್ಡವರಿಗೆ: ಅಧ್ಯಕ್ಷ, ಉಪಾಧ್ಯಕ್ಷ, ಸಂಸತ್ ಸದಸ್ಯರೂ ಸೇರಿ ಯಾವ ಸರ್ಕಾರಿ ಅಧಿಕಾರಿಯೂ ಸರ್ಕಾರಿ ಕಚೇರಿಯಲ್ಲಿದ್ದಾಗ ಯಾರಿಂದಲೂ ದೇಣಿಗೆ ಕೇಳುವಂತಿಲ್ಲ. ಕೆಳಗಿನವನನ್ನ ಕಾಪಾಡೋಕೆ ಶುರುವಾದ ಕಾನೂನು ಮೇಲಿನವರ ಹೆಸರು ಹಿಡಿದು ಹೇಳೋಕೆ 119 ವರ್ಷ ತಗೊಂಡಿತು.

ಹಾಗಾದ್ರೆ ಈಗ ಏನಾಗಿದೆ? ಅಮೆರಿಕದ ಸಂಸದರು ರಸ್ತೆ ದಾಟ್ತಾರೆ. ನಿಜವಾಗಿ. ಸಂಸತ್ತಿನ ಹತ್ತಿರವೇ ಎರಡೂ ಪಕ್ಷಗಳ ಸ್ವಂತ ಕಟ್ಟಡಗಳಿವೆ. ಅಲ್ಲಿ ಚಿಕ್ಕ ಚಿಕ್ಕ ಕೋಣೆ, ಒಂದು ಫೋನು, ಹೆಸರಿನ ಪಟ್ಟಿ. ಸದನದಿಂದ ನಡೆದು ಬಂದು ಅಲ್ಲಿ ಕೂತು ದೇಣಿಗೆಗೆ ಕರೆ ಮಾಡ್ತಾರೆ. 2016ರಲ್ಲಿ ಫ್ಲಾರಿಡಾದ ಸಂಸದ ಡೇವಿಡ್ ಜಾಲಿ ಸಿಬಿಎಸ್ ವಾಹಿನಿಯ '60 ಮಿನಿಟ್ಸ್' ಕಾರ್ಯಕ್ರಮದಲ್ಲಿ ಇದನ್ನ ಬಾಯಿಬಿಟ್ಟು ಹೇಳಿದ್ರು. ಗೆದ್ದು ಬಂದ ಹೊಸತರಲ್ಲಿ ಅವರಿಗೆ ಸಿಕ್ಕ ಗುರಿ ದಿನಕ್ಕೆ 18,000 ಡಾಲರ್ ಸಂಗ್ರಹ. ಸಂಸದರು ಖುದ್ದಾಗಿ ಹಣ ಕೇಳೋದನ್ನೇ ನಿಷೇಧಿಸಬೇಕು ಅಂತ ಅವರೊಂದು ಮಸೂದೆ ತಂದ್ರು. ಅದು ಪಾಸಾಗಲಿಲ್ಲ.

ಇಲ್ಲಿ ಕೆಲವರು ಹೇಳ್ತಾರೆ, ನೋಡಿ, ಕೋಣೆ ನಿಯಮ ಬರೀ ನಾಟಕ, ರಸ್ತೆ ದಾಟಿದ್ರೆ ಮುಗೀತು. ನನಗೆ ಹಾಗನ್ನಿಸಲ್ಲ. ಮಂತ್ರಿಯ ಕೋಣೆ ಬರೀ ನಾಲ್ಕು ಗೋಡೆ ಅಲ್ಲ. ಹಿಂದೆ ರಾಷ್ಟ್ರಧ್ವಜ ಇದೆ, ಬಾಗಿಲಲ್ಲಿ ದಫೇದಾರ್ ಇದ್ದಾರೆ, ಟೇಬಲ್ ಮೇಲೆ ನಿಮ್ಮ ಫೈಲಿದೆ. ಅಲ್ಲಿ ಕೇಳಿದ ಮಾತಿಗೆ ಆ ಕೋಣೆಯ ತೂಕ ಸೇರ್ಕೊಳ್ಳುತ್ತೆ. ಆ ತೂಕ ಜನರದ್ದು, ಪಕ್ಷದ್ದಲ್ಲ. ಕೇಳಬೇಕಾ, ಎದ್ದು ಹೊರಗೆ ಬನ್ನಿ, ಪಕ್ಷದ ಕಚೇರಿಯಲ್ಲಿ, ಪಕ್ಷದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪಕ್ಷದ ರಸೀದಿ ಪುಸ್ತಕ ಇಟ್ಕೊಂಡು ಕೇಳಿ. ಬಂದವನಿಗೆ ಇಲ್ಲ ಅನ್ನೋಕೆ ಸ್ವಲ್ಪ ಜಾಗ ಆದ್ರೂ ಸಿಗುತ್ತೆ. ಪೂರ್ತಿ ಅಲ್ಲ, ಸ್ವಲ್ಪ. ಕೈಯಲ್ಲಿ ಮೊಬೈಲ್ ಇರುವ ಈ ಕಾಲದಲ್ಲಿ ಕೋಣೆಯ ಗೋಡೆ ತೆಳುವಾಗಿದೆ ಅನ್ನೋದೂ ನಿಜ. ಕೇಳಿದವನು ಕಾರಲ್ಲಿದ್ದ, ಕೇಳಿಸಿಕೊಂಡವನು ಹೊಲದಲ್ಲಿದ್ದ ಅಂದ್ರೆ ಯಾವ ಕೋಣೆ ಅಂತ ಹುಡುಕ್ತೀರಿ? ಅದಕ್ಕೇ ಜಾಗದ ನಿಯಮದ ಜೊತೆ ಕೇಳುವವನ ಹುದ್ದೆಯ ನಿಯಮವೂ ಬೇಕು.

ಈಗ ನಮ್ಮ ಮನೆಗೆ ಬರೋಣ. ನಮ್ಮಲ್ಲಿ ಕಾನೂನು ಇಲ್ವಾ? ಇದೆ. ಆದ್ರೆ ಯಾರಿಗೆ ಇದೆ ನೋಡಿ.

ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮಗಳು, 1964. ಐದನೇ ನಿಯಮದ ಪ್ರಕಾರ ನೌಕರ ರಾಜಕೀಯ ಪಕ್ಷದ ಸದಸ್ಯ ಆಗುವಂತಿಲ್ಲ, ರಾಜಕೀಯ ಚಟುವಟಿಕೆಗೆ ಚಂದಾ ಕೊಡುವಂತೆಯೂ ಇಲ್ಲ. ಹನ್ನೆರಡನೇ ನಿಯಮ ಇನ್ನೂ ಬಿಗಿ. ಮುಂಚಿತವಾಗಿ ಅನುಮತಿ ಇಲ್ಲದೆ ಯಾವ ಉದ್ದೇಶಕ್ಕೂ ನಿಧಿ ಸಂಗ್ರಹದಲ್ಲಿ ಸೇರುವಂತಿಲ್ಲ. ಅಂದ್ರೆ ಗುಮಾಸ್ತರ ಮಟ್ಟಿಗೆ ನಮ್ಮ ನಿಯಮ ಅಮೆರಿಕಕ್ಕಿಂತ ಕಠಿಣ. ಅಲ್ಲಿ ನೌಕರ ತಾನಾಗಿ ದೇಣಿಗೆ ಕೊಡಬಹುದು, ಇಲ್ಲಿ ಅದೂ ಇಲ್ಲ.

ಅಭ್ಯರ್ಥಿಯ ಮಟ್ಟಿಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ 7ನೇ ಭಾಗ ಇದೆ. ಚುನಾವಣೆಯಲ್ಲಿ ಗೆಲ್ಲೋಕೆ ಗೆಜೆಟೆಡ್ ಅಧಿಕಾರಿಗಳಂಥ ಸರ್ಕಾರಿ ನೌಕರರ ನೆರವು ಪಡೆದ್ರೆ ಅದು ಭ್ರಷ್ಟ ಆಚರಣೆ. ಸಣ್ಣ ಕಲಮು ಅಂದುಕೊಳ್ಳಬೇಡಿ. 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಪ್ರಧಾನಿ ಇಂದಿರಾ ಗಾಂಧಿ ಅವರ ಆಯ್ಕೆಯನ್ನ ರದ್ದು ಮಾಡಿದ್ದು ಇದೇ ಕಲಮಿನಡಿ. ಸರ್ಕಾರಿ ಸೇವೆಯಲ್ಲಿದ್ದ ಯಶಪಾಲ್ ಕಪೂರ್ ಅವರ ನೆರವು, ಉತ್ತರ ಪ್ರದೇಶದ ಅಧಿಕಾರಿಗಳು ವೇದಿಕೆ, ವಿದ್ಯುತ್ ವ್ಯವಸ್ಥೆ ಮಾಡಿಕೊಟ್ಟದ್ದು. ಇಷ್ಟೇ ಕಾರಣ. ಅದೇ ತಿಂಗಳು ತುರ್ತು ಪರಿಸ್ಥಿತಿ ಬಂತು. ಕಾನೂನು ತಿದ್ದುಪಡಿ ಆಯ್ತು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆಯ್ಕೆಯನ್ನ ಎತ್ತಿಹಿಡಿಯಿತು.

ಮತ್ತೆ ಮಂತ್ರಿ? ಕೇಳುಗರು ಕೇಳಿದ್ದು ಮಂತ್ರಿಯ ಬಗ್ಗೆ ತಾನೇ. ಪೆಂಡಲ್‌ಟನ್ ಕಾಯ್ದೆಯ ಹಾಗೆ, ಈ ಕೋಣೆಯಲ್ಲಿ ದೇಣಿಗೆ ಕೇಳಿದ್ರೆ ಜೈಲು ಅನ್ನೋ ಕಲಮು ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಇಲ್ಲ. ಇರೋದು ಮಂತ್ರಿಗಳ ನೀತಿ ಸಂಹಿತೆ. ಕೇಂದ್ರ ಗೃಹ ಇಲಾಖೆಯ ದಾಖಲೆ, ರಾಜ್ಯದ ಮಂತ್ರಿಗಳಿಗೂ ಅನ್ವಯ. ಅದರಲ್ಲಿ ಸ್ಪಷ್ಟವಾಗಿ ಇದೆ: ಮಂತ್ರಿ ತಾನಾಗಲಿ, ಕುಟುಂಬದವರ ಮೂಲಕವಾಗಲಿ, ರಾಜಕೀಯ ಅಥವಾ ದತ್ತಿ ಅಥವಾ ಯಾವುದೇ ಉದ್ದೇಶಕ್ಕೆ ವಂತಿಗೆ ಸ್ವೀಕರಿಸಬಾರದು. ಪಕ್ಷಕ್ಕೆ ಅಂತ ಯಾರಾದ್ರೂ ಚೆಕ್ಕೋ ಹಮ್ಮಿಣಿಯೋ ಕೊಟ್ರೆ ಬೇಗ ಆ ಸಂಸ್ಥೆಗೆ ತಲುಪಿಸಬೇಕು. ಓದೋಕೆ ಚೆನ್ನಾಗಿದೆ. ಇದನ್ನ ಪಾಲಿಸ್ತಾರಾ ಅಂತ ನೋಡಿಕೊಳ್ಳುವವರು ಯಾರು? ಕೇಂದ್ರ ಮಂತ್ರಿಗಳಿಗೆ ಪ್ರಧಾನಿ. ರಾಜ್ಯದ ಮಂತ್ರಿಗಳಿಗೆ ಮುಖ್ಯಮಂತ್ರಿ. ಮುಖ್ಯಮಂತ್ರಿಗಳಿಗೆ ಪ್ರಧಾನಿ ಮತ್ತು ಗೃಹ ಮಂತ್ರಿ. ಅಂದ್ರೆ ಚುನಾವಣೆಗೆ ಯಾರಿಗೆ ಹಣ ಹೊಂದಿಸಬೇಕೋ ಅವರೇ, ಹಣ ಕೇಳಬೇಡಪ್ಪ ಅಂತ ಹೇಳಬೇಕು! ಇಂಟರ್ನಲ್ ಚೆಕ್ ಪಾಠದಲ್ಲಿ ಈ ಉತ್ತರ ಬರೆದಿದ್ರೆ ನಮ್ಮ ಮೇಷ್ಟ್ರು ಸೊನ್ನೆ ಕೊಡ್ತಾ ಇದ್ರು.

ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ ಇನ್ನೊಂದು. ಪ್ರವಾಸಿ ಮಂದಿರ, ಸರ್ಕಾರಿ ಅತಿಥಿಗೃಹಗಳನ್ನ ಪ್ರಚಾರ ಕಚೇರಿ ಮಾಡಿಕೊಳ್ಳುವಂತಿಲ್ಲ ಅನ್ನುತ್ತೆ. ನಮ್ಮ ಐಬಿ ಬಂತು ನೋಡಿ. ಆದ್ರೆ ಇದು ಜಾರಿಯಲ್ಲಿ ಇರೋದು ಚುನಾವಣೆ ಘೋಷಣೆ ಆದಾಗಿಂದ ಪ್ರಕ್ರಿಯೆ ಮುಗಿಯೋವರೆಗೆ, ಕೆಲವು ವಾರ. ಉಳಿದ ನಾಲ್ಕೂ ಮುಕ್ಕಾಲು ವರ್ಷ ಐಬಿ ಯಾರದ್ದು ಅಂತ ನಿಮಗೇ ಗೊತ್ತು.

ಬಿಕಾಂ ಮುಗಿಸಿ ನಾನು ಒಂದೆರಡು ವರ್ಷ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡಿದ್ದೆ. ವೋಚರ್ ಜೋಡಿಸೋದು, ಲೆಡ್ಜರ್ ತಾಳೆ ನೋಡೋದು. ಒಬ್ಬ ಸಣ್ಣ ಗುತ್ತಿಗೆದಾರರ ಲೆಕ್ಕ ನೋಡುವಾಗ 'ಇತರೆ ಖರ್ಚು' ಅಂತ ಒಂದು ದೊಡ್ಡ ಮೊತ್ತ, ಕೆಳಗೆ ವೋಚರ್ ಇಲ್ಲ. ಇದೇನು ಅಂತ ಕೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದ್ರು: "ಪಾರ್ಟಿ ಫಂಡಪ್ಪ. ಐಬೀಲಿ ಕರೆದಿದ್ರು. ಬೈಲಿಲ್ಲ, ಗದರಿಸಲಿಲ್ಲ, ಕಾಫಿ ತರಿಸಿಕೊಟ್ರು. ಸಮಾವೇಶ ಇದೆ, ನಿಮ್ಮಂಥವರು ಕೈಜೋಡಿಸಬೇಕು ಅಂದ್ರು. ನನ್ನ ಬಿಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಂಜಿನಿಯರ್ ಸಾಹೇಬ್ರು ಮಾತ್ರ ಪಕ್ಕದಲ್ಲೇ ಕೂತಿದ್ರು." ನಾನು ಆಗಿನ ಹುರುಪಿನಲ್ಲಿ, ಚೆಕ್ಕಲ್ಲಿ ಕೊಟ್ಟು ರಸೀದಿ ತಗೊಂಡಿದ್ರೆ 80ಜಿಜಿಸಿ ಅಡಿ ತೆರಿಗೆ ವಿನಾಯಿತಿ ಸಿಗ್ತಿತ್ತಲ್ಲ ಸರ್ ಅಂದೆ. ಅವರು ನಕ್ಕರು. "ರಸೀದಿ ಕೇಳೋಕಾಗುತ್ತೇನಪ್ಪ ಅಲ್ಲಿ?" ಅಂದ್ರು.

ಲಂಚದ ಕಾನೂನಿನಲ್ಲಿ ಈ ಪ್ರಕರಣ ನಿಲ್ಲಿಸೋದು ಎಷ್ಟು ಕಷ್ಟ ನೋಡಿ. ಕೆಲಸಕ್ಕೂ ಹಣಕ್ಕೂ ನಂಟು ತೋರಿಸಬೇಕು, ನಂಟಿನ ಮಾತನ್ನ ಯಾರೂ ಆಡಿಲ್ಲ. ಸುಲಿಗೆ ಅನ್ನೋಣ ಅಂದ್ರೆ ಬೆದರಿಕೆ ಇಲ್ಲ, ಕಾಫಿ ಇದೆ. ಅದೇ ಒಂದು ಸಾಲಿನ ನಿಯಮ ಇದ್ದಿದ್ರೆ, ಸರ್ಕಾರಿ ಕಟ್ಟಡದಲ್ಲಿ ಅಧಿಕಾರದಲ್ಲಿ ಇರುವವರು ಪಕ್ಷಕ್ಕೆ ಹಣ ಕೇಳಿದ್ರೆ ಅಪರಾಧ ಅಂತ, ಪ್ರಶ್ನೆ ಎರಡೇ: ಐಬಿಯಲ್ಲಿ ಇದ್ರಾ? ಕೇಳಿದ್ರಾ? ಆ ಗುತ್ತಿಗೆದಾರರಿಗೂ ಹೇಳೋಕೆ ಒಂದು ಮಾತು ಸಿಗ್ತಿತ್ತು: "ಸ್ವಾಮಿ, ಇಲ್ಲಿ ಬೇಡ, ನಿಮಗೇ ತೊಂದರೆ, ಪಕ್ಷದ ಆಫೀಸಿಗೆ ಬರ್ತೀನಿ." ಬರ್ತಿದ್ರೋ ಇಲ್ವೋ ಆಮೇಲಿನ ಮಾತು.

ಚುನಾವಣಾ ಬಾಂಡ್ ಯಾಕೆ ಹೇಳಲಿಲ್ಲ ಅಂತ ಕೆಲವರು ಮೆಸೇಜ್ ಹಾಕ್ತೀರಿ, ಗೊತ್ತು. 2018ರಿಂದ 2024ರವರೆಗೆ ಎಸ್‌ಬಿಐ ಆಯ್ದ ಶಾಖೆಗಳಲ್ಲಿ ಮಾರಾಟ ಆದ ಬಾಂಡ್‌ಗಳ ಮೊತ್ತ ಸುಮಾರು 16,518 ಕೋಟಿ ರೂಪಾಯಿ. 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಯೋಜನೆಯನ್ನ ರದ್ದು ಮಾಡ್ತು. ಕೌಂಟರ್ ಸರ್ಕಾರಿ ಬ್ಯಾಂಕಿನದು, ಕೊಟ್ಟವರು ಯಾರು ಅಂತ ಬ್ಯಾಂಕಿಗೆ ಗೊತ್ತು, ಮತ ಹಾಕುವವನಿಗೆ ಗೊತ್ತಿಲ್ಲ. ಯಾರು ಕೊಟ್ಟರು ಅನ್ನೋದು ಆ ತೀರ್ಪಿನಿಂದ ಹೊರಗೆ ಬಂತು. ಯಾರು, ಯಾವ ಕುರ್ಚಿಯಲ್ಲಿ ಕೂತು ಕೇಳಿದ್ರು ಅನ್ನೋದು ಯಾವ ಪಟ್ಟಿಯಲ್ಲೂ ಇಲ್ಲ.

ಹಾಗಾಗಿ ವಾಯ್ಸ್ ಮೆಸೇಜ್ ಹಾಕಿದವರಿಗೆ ಉತ್ತರ: ಮಂತ್ರಿ ಹಾಗೆ ಕೇಳೋದು ನೀತಿ ಸಂಹಿತೆಗೆ ವಿರುದ್ಧ. ಬರೀ ಅಷ್ಟಕ್ಕೇ ಜೈಲಿಗೆ ಹೋಗುವ ಅಪರಾಧ ಅಲ್ಲ. ಆ ಮಂತ್ರಿಯ ಬಾಗಿಲಲ್ಲಿ ನಿಂತ ದಫೇದಾರ್ ಅದೇ ಪಕ್ಷಕ್ಕೆ ತನ್ನ ಸಂಬಳದಿಂದ ನೂರು ರೂಪಾಯಿ ಕೊಟ್ರೆ ಇಲಾಖೆ ನೋಟಿಸ್ ಕೊಡಬಹುದು.

ಮಂತ್ರಿಗಳ ನೀತಿ ಸಂಹಿತೆ ಗೃಹ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತೆ, ಕೆಲವೇ ಪುಟ, ಚಹಾ ಆರೋದ್ರೊಳಗೆ ಓದಿ ಮುಗಿಸಬಹುದು. ನಿಮ್ಮ ಊರಿನ ಐಬಿ ಕಥೆಗಳಿದ್ರೆ ಹೆಸರು ಹಾಕದೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಹ್ಯಾಚ್ ಕಾಯ್ದೆ ಮತ್ತು ಪರಿಹಾರ ಕಾಮಗಾರಿಯ ಕೂಲಿಗಳ ಕಥೆ. ಸಿಗೋಣ.